ಮೂರು ಊರಿನ ಹಾಡಿನ ಪೆಟ್ಟಿಗೆ



ಮನೆಯಲ್ಲಿ ಧಾನ್ಯವಿದ್ದರೆ ಸಾಲದು, ಯಾವ ವಾಡೆಯಲ್ಲಿ ಯಾವ ಧಾನ್ಯವಿದೆಯೆಂಬುದು ಮನೆಯೊಡತಿಗೆ ತಿಳಿದಿರಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಧಾನ್ಯಕ್ಕೆ ಸಲ್ಲುವ ಈ ಮಾತು ಹಾಡಿಗೂ ಸಲ್ಲುವುದೆಂಬುದು ಕಳೆದ ಬೇಸಗೆಯಲ್ಲಿ ನಮ್ಮ ಅನುಭವಕ್ಕೆ ಬಂದಿತು. ಆ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ.

ನಮ್ಮ ಮನೆತನದ ಮೂರು ಸಂಸಾರಗಳು ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ನೆಲಸಿವೆ. ಹಿರಿಯರ ಹೊಲಮನೆಗಳು ಹಿಸ್ಸೆಯಾದಂತೆ ಅವರು ಕೂಡಿಟ್ಟಿದ್ದ ಹಾಡುಗಳೂ ಹಿಸ್ಸೆಯಾದವು. ಎರಡು ಟ್ರಂಕುಗಳ ತುಂಬ ಇದ್ದ ಕ್ಯಾಸೆಟ್ಟುಗಳನ್ನು ಹುಡುಗರು ಕಂಪ್ಯೂಟರಿಗೆ ಇಳಿಸಿ, ಮನೆಗೊಂದು ಹಾರ್ಡ್ ಡಿಸ್ಕಿನಂತೆ ಹಂಚಿಕೊಂಡರು. ಆಮೇಲೆ ಅವರವರು ತಮ್ಮ ತಮ್ಮ ಅಭಿರುಚಿಗೆ ತಕ್ಕಂತೆ ಅದಕ್ಕೆ ಸೇರಿಸುತ್ತ ಹೋದರು. ಮಂಡ್ಯದ ಡಿಸ್ಕಿನಲ್ಲಿ ಭಾವಗೀತೆಗಳೇ ಹೆಚ್ಚು: ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದ್ ಅವರ ಕವಿತೆಗಳಿಗೆ ರಾಗ ಹಾಕಿ 1978ರಲ್ಲಿ ಹೊರತಂದ 'ನಿತ್ಯೋತ್ಸವ'ವೂ, ನಮ್ಮ ಜಿಲ್ಲೆಯ ಕಿಕ್ಕೇರಿಯವರಾದ ಕೆ. ಎಸ್. ನರಸಿಂಹಸ್ವಾಮಿಯವರ ಗೀತೆಗಳೂ ಅಲ್ಲಿವೆ. ಮದ್ದೂರಿನದರಲ್ಲಿ ರಂಗಗೀತೆಗಳೂ, ಚಲಚ್ಚಿತ್ರದ ಹಾಡುಗಳೂ, ಬಂಧುಗಳ ಮದುವೆಗಳಲ್ಲಿ ಹಿಡಿದಿಟ್ಟ ಹಾಡುಗಳೂ ಇವೆ. ಮಳವಳ್ಳಿಯದು ತಂಬೂರಿ ಕಥೆಗಳ ಕಣಜ. ಆ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿಯ ಪರಂಪರೆಯ ಹಿರಿಯ ನೆಲೆಯಾದುದರಿಂದ, ನೀಲಗಾರರು ರಾತ್ರಿಯೆಲ್ಲ ಹಾಡುವ ಕಥೆಗಳು ಅಲ್ಲಿಯವರಿಗೆ ಮನೆಮಾತು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಆ ಕಥನಗಾಯನವನ್ನು ಎಷ್ಟೋ ಮನೆಗಳ ಒಳಗೆ ತಂದುಕೊಟ್ಟವು.

ಮನೆಯಲ್ಲೊಂದು ಮದುವೆ ನಿಶ್ಚಯವಾಯಿತು. ಚಪ್ಪರದ ರಾತ್ರಿಗೆ ಹಳೆಯ ಸೋಬಾನೆಯೊಂದನ್ನು ಕಲಿಯಬೇಕೆಂದು ಹುಡುಗಿಯರು ಆಸೆಪಟ್ಟರು. ಸುಮಾರು ನಲವತ್ತು ವರ್ಷಗಳ ಹಿಂದೆ ಮದ್ದೂರಿನ ಮನೆಯ ಮದುವೆಯಲ್ಲಿ ಹೆಂಗಸರು ಹಾಡಿದುದನ್ನು ಯಾರೋ ಟೇಪಿನಲ್ಲಿ ಹಿಡಿದಿದ್ದರೆಂಬುದು ನಮಗೆ ನೆನಪಿತ್ತು. ಮೂರು ಡಿಸ್ಕುಗಳನ್ನೂ ಮಂಡ್ಯದ ಮನೆಗೆ ತರಿಸಿ, ಒಂದೇ ಮೇಜಿನ ಮೇಲೆ ಸಾಲಾಗಿಟ್ಟು, ಒಂದು ಕಂಪ್ಯೂಟರಿಗೆ ಜೋಡಿಸಿ ಹುಡುಕತೊಡಗಿದೆವು.

ಒಂದು ಗಂಟೆಯ ಕೆಲಸವೆಂದುಕೊಂಡದ್ದು ಒಂಬತ್ತು ದಿನ ಹಿಡಿಯಿತು. ಇಂದಿನ ಡಿಸ್ಕಿನ ಹೊಟ್ಟೆ ಅಷ್ಟು ದೊಡ್ಡದು. ಎಂಪಿ3 ಎಂಬ ರೂಪದಲ್ಲಿ ಸಾಧಾರಣ ಗುಣದ ಧ್ವನಿಗೆ ನಿಮಿಷಕ್ಕೆ ಸುಮಾರು ಒಂದು ಮೆಗಾಬೈಟು ಸಾಕು. ಒಂದು ಗಂಟೆಯ ಕ್ಯಾಸೆಟ್ಟಿಗೆ ಅರವತ್ತಕ್ಕೂ ಕಡಿಮೆ. ಈ ಲೆಕ್ಕದಂತೆ ಅಂಗೈಯಗಲದ ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಸುಮಾರು 17,000 ಗಂಟೆಗಳ ಹಾಡು ಹಿಡಿಸುವುದು. ಹಗಲಿರುಳು ಬಿಡದೆ ಕೇಳಿದರೂ ಮುಗಿಯಲು ಎರಡು ವರ್ಷ ಬೇಕು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಹಿಡಿಸಿದರೆ ಅದೇ ದೊಡ್ಡದಾಗಿದ್ದ ಕಾಲವನ್ನು ನೆನೆದರೆ ಇದು ಸೋಜಿಗವೇ ಸರಿ. ಆದರೆ ಆ ತಟ್ಟೆಯ ನಡುವೆ ಹಾಡಿದವರ ಹೆಸರನ್ನು ಹೊತ್ತ ಒಂದು ದುಂಡು ಕಾಗದವಿರುತ್ತಿತ್ತು. ನಮ್ಮ ಡಿಸ್ಕುಗಳಲ್ಲಿ ಇದ್ದುದು 'ಟ್ರ್ಯಾಕ್ 1', 'ಟ್ರ್ಯಾಕ್ 2', 'ಹೊಸದು', 'ಅಪ್ಪನ ಕ್ಯಾಸೆಟ್ಟು', 'ಮತ್ತೆ ಹೊಸದು' ಎಂಬ ಹೆಸರುಗಳು.

ಇದರ ತೊಡಕುಗಳನ್ನು ಒಂದೆರಡು ಮಾತಿನಲ್ಲಿ ಹೇಳುವೆವು, ಏಕೆಂದರೆ ಇವು ನಮ್ಮೊಬ್ಬರ ಮನೆಯವಲ್ಲ. ಮೊದಲನೆಯದು, ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸ. ಮಾದಪ್ಪ, ಮಾದೇಶ್ವರ, ಮಹದೇಶ್ವರ ಎಂದು ಒಬ್ಬ ದೇವರಿಗೇ ಹಲವು ಹೆಸರುಗಳುಂಟು; ಅದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದರೆ ಕಂಪ್ಯೂಟರು ಒಂದನ್ನು ಕೇಳಿದಾಗ ಉಳಿದವನ್ನು ಇಲ್ಲವೆನ್ನುತ್ತದೆ. ಎರಡನೆಯದು, ಸಂಖ್ಯೆಗಳ ಸರದಿ. ಒಂದು, ಎರಡು ಎಂದು ಗುರುತು ಹಾಕಿದ ಕಥೆಯ ಭಾಗಗಳನ್ನು ಕೆಲವು ಯಂತ್ರಗಳು ಅಕ್ಷರವನ್ನು ನೋಡಿ ಜೋಡಿಸುವುದರಿಂದ, ಹತ್ತನೆಯ ಭಾಗವು ಎರಡನೆಯದಕ್ಕಿಂತ ಮೊದಲು ಬಂದುಬಿಡುವುದು. ಸಿದ್ದಪ್ಪಾಜಿಯ ಕಥೆ ಹೀಗೆ ಹಿಂದುಮುಂದಾಗಿ ಹಾಡಿದುದನ್ನು ಕೇಳಿ ಮಳವಳ್ಳಿಯ ದೊಡ್ಡತ್ತೆ, "ಈ ಪೆಟ್ಟಿಗೆಗೆ ಕಥೆ ಬಾರದು, ಕೂಗುವುದು ಮಾತ್ರ ಬರುತ್ತದೆ" ಎಂದರು. ಮೂರನೆಯದು, ವಿಳಾಸದ ತೊಂದರೆ. ಹಲವು ಡಿಸ್ಕುಗಳನ್ನು ಜೋಡಿಸಿದಾಗ ಕಂಪ್ಯೂಟರು ಒಂದೊಂದಕ್ಕೆ ಒಂದೊಂದು ಅಕ್ಷರವನ್ನು ಗುರುತಾಗಿ ಕೊಡುವುದುಂಟು. ಮರುದಿನ ಜೋಡಿಸುವ ಸರದಿ ಬದಲಾದರೆ ಅಕ್ಷರವೂ ಬದಲಾಗಬಹುದು. ಆಗ ಪಟ್ಟಿಯಲ್ಲಿ ಹಾಡಿನ ಹೆಸರು ಕಾಣುವುದು, ಹಾಡು ಮಾತ್ರ ಸಿಕ್ಕದು. ಬೀದಿಯ ಮನೆಗಳ ನಂಬರನ್ನು ರಾತ್ರೋರಾತ್ರಿ ಬದಲಾಯಿಸಿದರೆ ಅಂಚೆಯವನ ಪಾಡೇನಾಗುವುದೋ ಅದೇ ಪಾಡು.

ಇಷ್ಟರಲ್ಲಿ ಮದ್ದೂರಿನ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡಿ, ಎರಡು ದಿನ ಅರೆಜೀವವಾಗಿದ್ದು, ಮೂರನೆಯ ದಿನ ಸುಮ್ಮನಾಯಿತು. ಹಾರ್ಡ್ ಡಿಸ್ಕೆಂದರೆ ನಿಮಿಷಕ್ಕೆ ಐದು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ತಟ್ಟೆ. ತಿರುಗುವುದೆಲ್ಲವೂ ಒಂದು ದಿನ ಸವೆಯತಕ್ಕದ್ದೇ. ದೈವಯೋಗದಿಂದ, ಹಿಂದೊಮ್ಮೆ ಯಾರೋ ಆ ಡಿಸ್ಕಿನ ಒಂದು ಫೋಲ್ಡರನ್ನು ಮಳವಳ್ಳಿಯ ಡಿಸ್ಕಿಗೆ ನಕಲು ಮಾಡಿದ್ದರು. ಅದರೊಳಗೆ 'ಮದುವೆ 3' ಎಂಬ ಫೈಲು ಸಿಕ್ಕಿತು. ತೆರೆದರೆ ಸೋಬಾನೆ! ಇದನ್ನೇ ನಾವು ಮೊದಲ ದಿನ ಹತ್ತು ಕ್ಷಣ ಕೇಳಿ, ಬರಿಯ ಗದ್ದಲವೆಂದು ದಾಟಿಕೊಂಡು ಹೋಗಿದ್ದೆವು.

ಹಾಡೇನೋ ದೊರೆಯಿತು, ಹಾಡಿದವರು ಯಾರು? ಅದನ್ನು ಕೇಳಲು ಮಳವಳ್ಳಿಗೆ ಹೋಗಿ ಎಂಬತ್ತನಾಲ್ಕು ವರ್ಷದ ದೊಡ್ಡತ್ತೆಯ ಮುಂದೆ ಅದನ್ನು ಹಾಕಿದೆವು. ಅವರು ಕಣ್ಣು ಮುಚ್ಚಿ ಕುಳಿತು ಕೇಳಿದರು. ಒಂದು ಸಲ ಸಾಲದೆ ಮತ್ತೊಂದು ಸಲ ಹಾಕಿಸಿದರು. ಆಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ದನಿಗಳನ್ನು ಒಂದೊಂದಾಗಿ ಬೇರ್ಪಡಿಸಿದರು. "ಇದು ಮದ್ದೂರಿನ ಚಿಕ್ಕಮ್ಮ. ಈ ಕೀರಲು ದನಿ ನನ್ನ ತಂಗಿಯದು. ಕೊನೆಯಲ್ಲಿ ಎಳೆಯುವವಳು ನಾನೇ. ಇದು ನಿನ್ನ ತಾಯಿ, ಗೊತ್ತಾಗಲಿಲ್ಲವೇ?"

ಗೊತ್ತಾಗಿರಲಿಲ್ಲ. ನಮ್ಮ ತಾಯಿಯವರು ಹಾಡುತ್ತಿದ್ದರೆಂಬುದನ್ನೇ ನಾವು ಅರಿಯೆವು. ಹೆತ್ತ ತಾಯಿಯ ದನಿಯನ್ನು ಗದ್ದಲವೆಂದು ದಾಟಿಹೋದ ನಾಚಿಕೆಯನ್ನು ಇಲ್ಲಿ ಬರೆದೊಪ್ಪಿಸುತ್ತೇವೆ.

ಆದರೆ ಹಾಡನ್ನು ಎತ್ತಿಕೊಡುತ್ತಿದ್ದ ದನಿ ಬೇರೊಂದಿತ್ತು. ಉಳಿದವರೆಲ್ಲರೂ ಅದರ ಹಿಂದೆ ಹೋಗುವವರು. ಪದವೆಲ್ಲ ಅದರ ಬಾಯಲ್ಲಿತ್ತು. ಆ ದನಿ ಯಾರದೆಂದು ಕೇಳಿದೆವು. ದೊಡ್ಡತ್ತೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಪಕ್ಕದ ಹಳ್ಳಿಯಿಂದ ಕೂಲಿಗೆ ಬರುತ್ತಿದ್ದವಳು. ಮದುವೆಯೆಂದರೆ ಅವಳನ್ನು ಕರೆಸುತ್ತಿದ್ದೆವು. ಎಲೆ ಅಡಿಕೆ, ಒಂದು ಕುಬಸದ ಕಣ ಕೊಟ್ಟು ಕಳಿಸುತ್ತಿದ್ದೆವು. ಹೆಸರು ನನ್ನ ಅತ್ತಿಗೆಗೆ ಗೊತ್ತಿತ್ತು." ಆ ಅತ್ತಿಗೆಯವರು ತೀರಿಕೊಂಡು ಹನ್ನೊಂದು ತಿಂಗಳಾಗಿದ್ದವು. ಡಿಸ್ಕು ಮದ್ದೂರಿನ ಮನೆಯ ಬೀರುವಿನಲ್ಲಿ ಅದಕ್ಕೆ ಮುಂಚೆ ಆರು ವರ್ಷದಿಂದ ಇದ್ದಿತು.

ಇದು ನಮ್ಮನ್ನು ಬಹಳ ಕಾಡಿತು. ಭಾರತದ ಗ್ರಾಮಫೋನ್ ಗಾಯನದ ಮೊದಲ ದಿನಗಳನ್ನು ನೆನೆಯೋಣ. 1902ರಲ್ಲಿ, ಮಳವಳ್ಳಿ ಸೀಮೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದ ಆ ವರ್ಷವೇ, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಗ್ರಾಮಫೋನಿಗೆ ಹಾಡಿದರು. ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಬೇಕಾಗಿತ್ತು. ಹಾಡಿದವರು ಯಾರೆಂಬುದು ಅಲ್ಲಿಯವರಿಗೆ ತಿಳಿಯಬೇಕಲ್ಲ! ಆದಕಾರಣ ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಆಕೆ ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಹೆಸರು ಮಾತ್ರ ಅವರ ದನಿಯಲ್ಲಿಯೇ ಇಂದಿಗೂ ಉಳಿದಿದೆ. ನಮ್ಮ ಚಪ್ಪರದ ಕೆಳಗೆ ಹಾಡಿದಾಕೆಗೆ ಹೆಸರು ಹೇಳೆಂದು ಯಾರೂ ಹೇಳಲಿಲ್ಲ.

ನಮ್ಮ ಜಿಲ್ಲೆಯವರೇ ಆದ ಎಚ್. ಎಲ್. ನಾಗೇಗೌಡರು ಬೇರೆ ದಾರಿಯನ್ನು ತೋರಿದ್ದರು. ನಾಗಮಂಗಲ ಸೀಮೆಯ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಅವರು ಟೇಪ್ ರೆಕಾರ್ಡರು ಹಿಡಿದು ಹಳ್ಳಿ ಹಳ್ಳಿ ತಿರುಗಿ ಜನಪದರ ಹಾಡನ್ನು ಕೂಡಿಹಾಕಿದರು. 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ ನಿಲ್ಲಿಸಿದರು. ಅವರ ಪುಸ್ತಕವೊಂದರ ಹೆಸರು 'ಸೋಬಾನೆ ಚಿಕ್ಕಮ್ಮನ ಪದಗಳು'. ಹಾಡಿದಾಕೆಯ ಹೆಸರನ್ನು ಪುಸ್ತಕದ ನೆತ್ತಿಯ ಮೇಲೆಯೇ ಇಟ್ಟರು. ಸಂಗ್ರಹವೆಂದರೆ ಹೀಗಿರಬೇಕು. ಹಾಡನ್ನು ಮಾತ್ರ ಇಟ್ಟುಕೊಂಡು ಹಾಡಿದವರನ್ನು ಮರೆತರೆ ಅದು ಸಂಗ್ರಹವಲ್ಲ, ರಾಶಿ.

ನಾವು ಕಲಿತದ್ದನ್ನು ಗೃಹಸ್ಥರಿಗೂ ಗೃಹಿಣಿಯರಿಗೂ ಅರಿಕೆ ಮಾಡುತ್ತೇವೆ. ಹಾಡಿನ ಫೈಲುಗಳಿಗೆ ಕನ್ನಡದ ಅಕ್ಷರಗಳಲ್ಲಿಯೇ ಹೆಸರಿಡಿ. ಇಂದಿನ ಕಂಪ್ಯೂಟರುಗಳೂ ಫೋನುಗಳೂ ಅದನ್ನು ಚೆನ್ನಾಗಿ ಓದಬಲ್ಲವು. ಭಾಗಗಳಿಗೆ 01, 02 ಎಂದು ಎರಡಂಕಿಯ ಗುರುತು ಹಾಕಿದರೆ ಕಥೆ ತಲೆಕೆಳಗಾಗುವುದಿಲ್ಲ. ಎಂಪಿ3 ಫೈಲಿನ ಒಳಗೇ ಹಾಡಿನ ಹೆಸರು, ಹಾಡಿದವರ ಹೆಸರು, ವರ್ಷ ಇವನ್ನು ಬರೆದಿಡಲು ಜಾಗವುಂಟು. ಹೊರಗಿನ ಫೋಲ್ಡರು ಬದಲಾದರೂ ಒಳಗಿನ ಬರಹ ಫೈಲಿನೊಡನೆಯೇ ಹೋಗುವುದು. ಪ್ರತಿಯೊಂದು ಹಾಡೂ ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ. ಮೂರು ಊರಿನಲ್ಲಿ ಮೂರು ಡಿಸ್ಕುಗಳಿರುವುದು ಕೊರತೆಯೆಂದು ಎಣಿಸಿದ್ದೆವು. ಮೂರರಲ್ಲಿಯೂ ಎಲ್ಲವೂ ಇದ್ದರೆ ಅದೇ ದೊಡ್ಡ ಭದ್ರತೆ. ಈಗ ಹಾಗೆ ಮಾಡಿದ್ದೇವೆ.

ಇವೆಲ್ಲಕ್ಕೂ ಮೊದಲು ಮಾಡತಕ್ಕ ಕೆಲಸ ಇನ್ನೊಂದಿದೆ. ಮನೆಯ ಹಿರಿಯರನ್ನು ಕೂರಿಸಿಕೊಂಡು ಹಳೆಯ ಹಾಡುಗಳನ್ನು ಒಂದೊಂದಾಗಿ ಕೇಳಿಸಿ, ಅವರು ಹೇಳಿದುದನ್ನು ಬರೆದುಕೊಳ್ಳಿ. ಡಿಸ್ಕು ಕೆಟ್ಟರೆ ನಕಲಿನಿಂದ ತುಂಬಿಕೊಳ್ಳಬಹುದು. ದೊಡ್ಡತ್ತೆಯ ನೆನಪಿಗೆ ನಕಲಿಲ್ಲ. ನಾವು ಈಗ ಭಾನುವಾರಕ್ಕೊಮ್ಮೆ ಮಳವಳ್ಳಿಗೆ ಹೋಗುತ್ತಿದ್ದೇವೆ. ಇದುವರೆಗೆ ನಲವತ್ತೊಂದು ಹಾಡುಗಳಿಗೆ ಹೆಸರು ದೊರೆತಿದೆ.

ಚಪ್ಪರದ ರಾತ್ರಿ ಹುಡುಗಿಯರು ಆ ಸೋಬಾನೆಯನ್ನು ಹಾಡಿದರು. 'ಮದುವೆ 3' ಎಂಬ ಹೆಸರು ಈಗ ಇಲ್ಲ. ಹಾಡಿದವರ ಹೆಸರುಗಳನ್ನೆಲ್ಲ ಅಲ್ಲಿ ಬರೆದಿದ್ದೇವೆ. ಮೊದಲ ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇವೆ. ಆಕೆಯ ಹಳ್ಳಿ ಯಾವುದೆಂಬುದು ದೊಡ್ಡತ್ತೆಗೆ ನೆನಪಿದೆ. ಬರುವ ತಿಂಗಳು ಅಲ್ಲಿಗೆ ಹೋಗಿ, ವಯಸ್ಸಾದವರಿಗೆ ಆ ದನಿಯನ್ನು ಕೇಳಿಸಿ ವಿಚಾರಿಸಬೇಕೆಂದಿದ್ದೇವೆ.