ಆಷಾಢದ ರಿಯಾಯಿತಿ ನಮಗೇ ಸಲ್ಲಬೇಕು

ಜೂನ್-ಜುಲೈ ಹೊತ್ತಿಗೆ ಪತ್ರಿಕೆಯ ಮುಖಪುಟವನ್ನು ಬಟ್ಟೆ ಅಂಗಡಿಗಳ ಜಾಹೀರಾತು ಆವರಿಸಿತೆಂದರೆ, ಪಂಚಾಂಗ ತೆರೆಯದ ಮನೆಯವರಿಗೂ ಆಷಾಢ ಬಂದದ್ದು ಗೊತ್ತಾಗುತ್ತದೆ. ಸೀರೆ, ಪಂಚೆ, ಫ್ರಿಜ್ಜು, ಸೋಫಾ, ಚಿನ್ನದ ಮಜೂರಿ, ಎಲ್ಲಕ್ಕೂ ರಿಯಾಯಿತಿ. ಈ ರಿಯಾಯಿತಿ ಎಲ್ಲಿಂದ ಬರುತ್ತದೆ ಎಂದು ಬಸವತತ್ತ್ವವನ್ನು ಒಪ್ಪಿದ ನಾವು ಒಮ್ಮೆ ಕುಳಿತು ಲೆಕ್ಕ ಹಾಕಬೇಕು.

ಚೈತ್ರದಿಂದ ಜ್ಯೇಷ್ಠದವರೆಗೆ ಲಗ್ನದ ಸುಗ್ಗಿ. ವ್ಯಾಪಾರಿ ಅದಕ್ಕೆಂದೇ ಮಾಲು ತುಂಬಿಕೊಂಡಿರುತ್ತಾನೆ. ಆಷಾಢದಲ್ಲಿ ಲಗ್ನವಿಲ್ಲ, ಗೃಹಪ್ರವೇಶವಿಲ್ಲ, ಹೊಸ ಗಾಡಿ ತರುವವರಿಲ್ಲ. ಆದರೆ ಅಂಗಡಿಯ ಬಾಡಿಗೆಗೆ, ಕೆಲಸದವರ ಸಂಬಳಕ್ಕೆ, ಬ್ಯಾಂಕಿನ ಬಡ್ಡಿಗೆ ಆಷಾಢದ ರಜೆ ಇಲ್ಲ. ಶ್ರಾವಣಕ್ಕೆ ಹೊಸ ಮಾಲು ತರಿಸಬೇಕು. ಅದಕ್ಕೆ ಕೈಯಲ್ಲಿ ದುಡ್ಡೂ ಬೇಕು, ಕಪಾಟಿನಲ್ಲಿ ಜಾಗವೂ ಬೇಕು. ಹಾಗಾಗಿ ದರ ಇಳಿಸುತ್ತಾನೆ. ‘ಈ ತಿಂಗಳು ಒಳ್ಳೆಯದಲ್ಲ’ ಎಂದು ಹತ್ತು ಮಂದಿ ಅಂಜಿ ಹಿಂದೆ ಸರಿದದ್ದರಿಂದ ಅಂಜದ ಹನ್ನೊಂದನೆಯವನಿಗೆ ದಕ್ಕುವ ಲಾಭ ಇದು. ಆ ಹನ್ನೊಂದನೆಯವರು ನಾವೇ ಆಗಿರಬೇಕಿತ್ತು.

ನಾವು ಮಾಡುತ್ತಿರುವುದು ಮಾತ್ರ ಬೇರೆ. ಆಷಾಢದಲ್ಲಿ ಸೀರೆ ಕೊಂಡು 2,000 ರೂಪಾಯಿ ಉಳಿಸುತ್ತೇವೆ. ಆ ಸೀರೆಯನ್ನು ಟ್ರಂಕಿನಲ್ಲಿಟ್ಟು, ಪುರೋಹಿತರು ಹೇಳಿದ ಮುಹೂರ್ತಕ್ಕೆ ಕಾದು, ಊರಿಗೆ ಊರೇ ಮದುವೆ ಮಾಡುವ ದಿನವೇ ಮಂಟಪ ಹಿಡಿದು ಲಕ್ಷ ರೂಪಾಯಿ ಹೆಚ್ಚು ತೆರುತ್ತೇವೆ. ಸೀರೆ ಕೊಳ್ಳಲು ಅಡ್ಡಿಯಾಗದ ಆಷಾಢ, ಅದನ್ನು ಉಡಲು ಹೇಗೆ ಅಡ್ಡಿಯಾಯಿತು? ಲಗ್ನ, ತಿಥಿ, ನಕ್ಷತ್ರಗಳ ಹಂಗು ಬೇಡವೆಂದು ಅಪ್ಪ ಬಸವಣ್ಣನವರು 12ನೇ ಶತಮಾನದಲ್ಲಿಯೇ ತಿಳಿಹೇಳಿದ್ದಾರೆ. ಪ್ರವಚನದಲ್ಲಿ ಅದಕ್ಕೆ ತಲೆದೂಗುತ್ತೇವೆ. ಮನೆಗೆ ಬಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ರಾಹುಕಾಲ ನೋಡುತ್ತೇವೆ.

ಆಷಾಢದಲ್ಲಿ ಶುಭಕಾರ್ಯ ಬೇಡವೆಂದದ್ದಕ್ಕೆ ಹಿರಿಯರು ಹೇಳುವ ಕಾರಣಗಳೂ ಇವೆ. ಮುಂಗಾರಿನ ಬಿತ್ತನೆಯ ಕಾಲ, ಮನೆಯವರೆಲ್ಲ ಹೊಲದಲ್ಲಿ, ಕೈಯಲ್ಲಿದ್ದ ದುಡ್ಡೆಲ್ಲ ಬೀಜ ಗೊಬ್ಬರಕ್ಕೆ. ನೆಂಟರು ಬರಲು ದಾರಿಯೂ ಕೆಸರು. ಆ ಕಾಲಕ್ಕೆ ಅದು ವಿವೇಕದ ಮಾತೇ. ಧಾರವಾಡದಲ್ಲೋ ದಾವಣಗೆರೆಯಲ್ಲೋ ಸಂಬಳದ ಮೇಲೆ ಬದುಕುವವರಿಗೆ, ಮಕ್ಕಳನ್ನು ಬೆಂಗಳೂರಿನ ಕಂಪನಿಗಳಿಗೆ ಕಳಿಸಿರುವವರಿಗೆ ಯಾವ ಬಿತ್ತನೆ ಅಡ್ಡ ಬಂದಿದೆ?

ನಾಲ್ಕು ವರ್ಷದ ಹಿಂದೆ ನಮ್ಮ ಕಿರಿಯ ಮಗನ ಕಲ್ಯಾಣವನ್ನು ಆಷಾಢದಲ್ಲಿಯೇ ಮಾಡಿದೆವು. ಹುಡುಗ ಹುಡುಗಿ ಇಬ್ಬರಿಗೂ ರಜೆ ಸಿಗುವ, ಸ್ವಾಮೀಜಿಯವರಿಗೂ ಬಿಡುವಿರುವ ಒಂದು ಭಾನುವಾರ; ಅದೇ ನಮ್ಮ ಮುಹೂರ್ತ. ಬೀಗರು ಮೊದಲು ಹಿಂಜರಿದರು. “ಸಾಹೇಬ್ರ, ನೀವು ಹೇಳೂದು ಖರೇ ಐತಿ. ಆದ್ರ ಆಷಾಢದಾಗ ಅಕ್ಕಿಕಾಳು ಅಂದ್ರ ಮಂದಿ ಏನಂದಾರು?” ಎಂದರು. “ಊಟ ಛಲೋ ಇತ್ತೋ ಇಲ್ಲೋ ಅಷ್ಟ ಅಂತಾರ್ರಿ ಬೀಗರ” ಎಂದೆ. ಮೇ ತಿಂಗಳಿಗೆ 1,20,000 ಹೇಳಿದ್ದ ಮಂಟಪದವರು 50,000ಕ್ಕೆ ಒಪ್ಪಿದರು. ಲಗ್ನದ ಸುಗ್ಗಿಯಲ್ಲಿ ಒಂದೇ ದಿನ ಮೂರು ಕಡೆ ಒಪ್ಪಿಕೊಂಡು ಮೂರೂ ಕಡೆ ಶಿಷ್ಯರನ್ನು ಕಳಿಸುವ ಅಡುಗೆಯವರು ನಮ್ಮಲ್ಲಿಗೆ ತಾವೇ ಬಂದು ನಿಂತರು. ಹೂವು, ಫೋಟೋ, ನೆಂಟರಿಗೆ ಲಾಡ್ಜಿನ ಕೋಣೆ, ಎಲ್ಲದರಲ್ಲೂ ಉಳಿಯಿತು. ಎರಡೂ ಮನೆ ಸೇರಿ ಒಂದೂಮುಕ್ಕಾಲು ಲಕ್ಷಕ್ಕೆ ಕಡಿಮೆ ಇಲ್ಲ. ಮಳೆಗೆ ಮುಂದಿನ ಪೆಂಡಾಲು ಸೋರಿತು, ನಿಜ. ಮೇ ತಿಂಗಳಲ್ಲೂ ಅಡ್ಡಮಳೆ ಹೊಡೆಯುತ್ತದೆ.

ಇದನ್ನು ಬಡಾಯಿಗೆ ಬರೆಯುತ್ತಿಲ್ಲ. ನನಗೆ ಪಿಂಚಣಿ ಬರುತ್ತದೆ. ಹೆಚ್ಚು ಖರ್ಚಾಗಿದ್ದರೂ ತಡೆದುಕೊಳ್ಳುತ್ತಿದ್ದೆ. ತಡೆದುಕೊಳ್ಳಲಾಗದವರ ಮಾತು ಬೇರೆ. ನನ್ನ ಜೊತೆ ದುಡಿದ ಒಬ್ಬ ವರ್ಕ್ ಇನ್‌ಸ್ಪೆಕ್ಟರು ಮಗಳ ಮದುವೆಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ 4 ಲಕ್ಷ ಕೈಸಾಲ ತೆಗೆದರು. ತಿಂಗಳಿಗೆ 12,000 ಬರೀ ಬಡ್ಡಿ. ಆ ವರ್ಷ ಹುಡುಗಿಯ ನಕ್ಷತ್ರಕ್ಕೆ ಕೂಡಿಬರುವ ಲಗ್ನ ಒಂದೇ ಎಂದು ಯಾರೋ ಹೇಳಿದ್ದರು. ಒಂದೇ ದಿನ ಎಂದಮೇಲೆ ಮಂಟಪದವರು ಹೇಳಿದ್ದೇ ದರ, ಬೆಂಡು ಬತ್ತಾಸಿನವರು ಹೇಳಿದ್ದೇ ದರ. ಟೆಂಡರಿಗೆ ಒಬ್ಬನೇ ಗುತ್ತಿಗೆದಾರ ಬಂದರೆ ಏನಾಗುತ್ತದೆ ಎಂಬುದು ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ಎಲ್ಲರಿಗೂ ಗೊತ್ತು. ಆ ಬಡ್ಡಿ ಕಟ್ಟುತ್ತಿದ್ದವರ ಕೊರಳಲ್ಲೂ ಇಷ್ಟಲಿಂಗವಿತ್ತು. ಕೆಲವು ಮಠಗಳಲ್ಲಿ ಆಷಾಢವೆನ್ನದೆ ತಿಂಗಳು ತಿಂಗಳೂ ಸಾಮೂಹಿಕ ಕಲ್ಯಾಣ ನಡೆಯುತ್ತದೆ. ಅಲ್ಲಿಗೆ ಬಡವರು ಮಾತ್ರ ಹೋಗಬೇಕು, ಉಳ್ಳವರು ಮುಹೂರ್ತ ನೋಡಬೇಕು ಎಂಬ ಅಲಿಖಿತ ನಿಯಮ ಯಾರು ಮಾಡಿದರೋ ತಿಳಿಯದು.

ಚಿನ್ನದ್ದೂ ಇದೇ ಕಥೆ. 2024ರ ಮೇ 10ರಂದು ಅಕ್ಷಯ ತೃತೀಯ. ಚಿನ್ನದಂಗಡಿಗಳ ಮುಂದೆ ಸಾಲು. ಅದೇ ವರ್ಷ ಜುಲೈ 23ರ ಕೇಂದ್ರ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕ ಶೇ 15ರಿಂದ ಶೇ 6ಕ್ಕೆ ಇಳಿಯಿತು. ಅಂದೇ ದರ ಬಿತ್ತು. ಆ ದಿನ ಅಪ್ಪಟ ಆಷಾಢ! ‘ಅಕ್ಷಯ’ದ ದಿನ ಕೊಂಡವರಿಗಿಂತ ‘ಅಶುಭ’ದ ತಿಂಗಳಲ್ಲಿ ಕೊಂಡವರಿಗೆ ಅಗ್ಗವಾಗಿ ಸಿಕ್ಕಿತು. ಆಮೇಲೆ ಚಿನ್ನ ಏರಿದ್ದರಲ್ಲಿ ಇಬ್ಬರಿಗೂ ಲಾಭವೇ ಆಗಿದೆ, ಅದು ಬೇರೆ ಮಾತು. ಸುಂಕ ಇಳಿಸುವಾಗ ಹಣಕಾಸು ಸಚಿವರು ತಿಥಿ ನೋಡಲಿಲ್ಲ ಎಂಬುದಷ್ಟೇ ನನ್ನ ಗಮನ.

ಮುಂದಿನ ವರ್ಷದ್ದು ಇದಕ್ಕೆ ತಿರುಗುಮುರುಗು. 2025ರ ಸೆಪ್ಟೆಂಬರ್ 22ರಿಂದ ಎ.ಸಿ., ದೊಡ್ಡ ಟಿ.ವಿ.ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಬಂತು. ತೆರಿಗೆ ಸೇರಿ 40,000 ಇದ್ದ ಎ.ಸಿ.ಯ ಮೂಲಬೆಲೆ 31,250. ಹೊಸ ತೆರಿಗೆಯಲ್ಲಿ ಅದು 36,875. ಕೂಪನ್ನಿಲ್ಲದೆ, ಚೌಕಾಸಿಯಿಲ್ಲದೆ 3,125 ರೂಪಾಯಿ ಉಳಿತಾಯ. ಹಿಂದಿನ ದಿನದವರೆಗೆ ಪಿತೃಪಕ್ಷ. ಆ ಹದಿನೈದು ದಿನ ಏನೂ ಕೊಳ್ಳಬಾರದೆಂದು ಕಾದವರಿಗೆ ಆ ವರ್ಷ ಲಾಭವಾದದ್ದು ಪಂಚಾಂಗದಿಂದಲ್ಲ, ಜಿಎಸ್‌ಟಿ ಮಂಡಳಿಯಿಂದ.

ಇನ್ನು ರಿಯಾಯಿತಿಯ ಫಲಕಗಳನ್ನು ಓದುವ ಬಗೆ. ಶರಣ ಬಂಧುಗಳು, ಮುಖ್ಯವಾಗಿ ಶರಣೆಯರು, ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಆದರೂ ಲೆಕ್ಕ ಬರೆದಿಡುತ್ತೇನೆ. ‘ಶೇ 50ರ ಮೇಲೆ ಮತ್ತೆ ಶೇ 20’ ಎಂದರೆ ಶೇ 70 ಅಲ್ಲ, 60. ನೂರರಲ್ಲಿ ಐವತ್ತು ಹೋಯಿತು. ಉಳಿದ ಐವತ್ತರಲ್ಲಿ ಹತ್ತು ಹೋಯಿತು. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಮೂರೂ ಬೇಕಿದ್ದವರಿಗೆ ಶೇ 33. ಒಂದೇ ಬೇಕಿದ್ದವರಿಗೆ ನಷ್ಟ. ‘50%’ ದೊಡ್ಡದಾಗಿ ಬರೆದು ‘ವರೆಗೆ’ ಎಂಬುದನ್ನು ಇರುವೆ ಗಾತ್ರದಲ್ಲಿ ಬರೆದಿರುತ್ತಾರೆ. 3,000ದ ಖರೀದಿಗೆ 500ರ ಕೂಪನ್ ಎನ್ನುತ್ತಾರೆ. ನಿಮಗೆ ಬೇಕಾದದ್ದು 2,200ರದ್ದು. ಕೂಪನ್ನಿನ ಆಸೆಗೆ 3,000 ತುಂಬಿಸಿ 2,500 ಕೊಟ್ಟು ಬರುತ್ತೀರಿ. 500 ಉಳಿಯಿತೆಂದು ಮನೆಯಲ್ಲಿ ಹೇಳುತ್ತೀರಿ, ಪರ್ಸಿನಿಂದ ಹೋದದ್ದು 300 ಹೆಚ್ಚು. ಎಂ.ಆರ್.ಪಿ. ಎಂಬುದು ಗರಿಷ್ಠ ಬೆಲೆ, ಮಾರುಕಟ್ಟೆಯ ಬೆಲೆಯಲ್ಲ. 4,000 ಮುದ್ರಿಸಿ ವರ್ಷವಿಡೀ 2,800ಕ್ಕೆ ಮಾರಿದ್ದನ್ನು ಸೇಲಿನಲ್ಲಿ ‘ಶೇ 40 ಕಡಿತ’ ಎಂದು 2,400ಕ್ಕೆ ಕೊಟ್ಟರೆ ನಿಜವಾದ ಕಡಿತ 400, ಅಂದರೆ ಶೇ 14 ಮಾತ್ರ. ಆದ್ದರಿಂದ ಸೇಲಿಗೆ ಎರಡು ತಿಂಗಳು ಮುಂಚೆ ದರ ಕೇಳಿ ಬರೆದಿಟ್ಟುಕೊಳ್ಳಬೇಕು. ‘ಬಡ್ಡಿಯಿಲ್ಲದ ಕಂತು’ ಎಂಬುದನ್ನಂತೂ ನಂಬಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಬರೆದಿದೆ. ಬಡ್ಡಿಯನ್ನು ಬೆಲೆಯೊಳಗೋ ಶುಲ್ಕದೊಳಗೋ ಸೇರಿಸಿರುತ್ತಾರೆ.

ಅಗ್ಗದ ಕಾಲ ಎಲ್ಲ ವಸ್ತುವಿಗೂ ಒಳ್ಳೆಯದಲ್ಲ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಧಾನವಾಗಿ ಸಿಮೆಂಟಿನ ದರ ತಗ್ಗುತ್ತದೆ. ಅಗ್ಗವೆಂದು ನೂರು ಚೀಲ ತಂದು ಪಡಸಾಲೆಯಲ್ಲಿ ಒಟ್ಟಿ, ದೀಪಾವಳಿ ಮುಗಿದ ಮೇಲೆ ಕೆಲಸ ಹಿಡಿಯುವವರನ್ನು ಕಂಡಿದ್ದೇನೆ. ಸಿಮೆಂಟು ಗಾಳಿಯ ತೇವ ಹೀರುತ್ತ ಬಲ ಕಳೆದುಕೊಳ್ಳುತ್ತದೆ. ಮೂರು ತಿಂಗಳು ದಾಟಿದ್ದನ್ನು ಮತ್ತೆ ಪರೀಕ್ಷೆ ಮಾಡಿಸದೆ ಬಳಸಬಾರದು. ಚೀಲದ ಮೇಲೆ ವಾರ ಮತ್ತು ವರ್ಷ ಮುದ್ರಿಸಿರುತ್ತಾರೆ, ನೋಡಿ. ಟೈರಿನ ಪಕ್ಕದಲ್ಲಿಯೂ ನಾಲ್ಕು ಅಂಕಿ ಇರುತ್ತವೆ: 2322 ಎಂದರೆ 2022ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಮೂರು ವರ್ಷ ಗೋದಾಮಿನಲ್ಲಿ ಕುಳಿತ ಟೈರಿಗೆ ಶೇ 30 ಬಿಟ್ಟರೂ ನನಗೆ ಬೇಡ. ಡಿಸೆಂಬರಿನಲ್ಲಿ ಕಾರಿಗೆ ರಿಯಾಯಿತಿ ಕೊಡುವುದು ಜನವರಿಗೆ ಅದು ಹಳೆಯ ವರ್ಷದ ಗಾಡಿಯಾಗುತ್ತದೆ ಎಂಬ ಕಾರಣಕ್ಕೆ. ಹನ್ನೆರಡು ವರ್ಷ ಓಡಿಸುವವರು ಧಾರಾಳವಾಗಿ ಕೊಳ್ಳಲಿ. ಮೂರು ವರ್ಷಕ್ಕೆ ಮಾರುವ ಚಟವಿದ್ದವರಿಗೆ ಉಳಿಸಿದ್ದು ಅಲ್ಲಿ ಹೋಗುತ್ತದೆ.

ಇನ್ನೊಂದು ಮಾತು ಕಾಯಕದ್ದು. ದೊಡ್ಡ ಅಂಗಡಿ ತನ್ನ ಲಾಭದಲ್ಲಿ ಬಿಟ್ಟುಕೊಟ್ಟರೆ ತೆಗೆದುಕೊಳ್ಳೋಣ. ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತು ಟೋಪ ತೆನಿಯ ಸೆರಗು ಕೂಡಿಸಿ ನೇಯ್ದ ಸೀರೆಯನ್ನು ನೇಕಾರನ ಮನೆ ಬಾಗಿಲಲ್ಲೇ ನಿಂತು, ‘ಆಷಾಢ ಐತಿ, ಇನ್ನೂ 300 ಬಿಡು’ ಎನ್ನುವುದು ಬೇರೆ. ಅದು ಅವನ ದಿನದ ಕೂಲಿ. ಖಾದಿಯದ್ದು ಹಾಗಲ್ಲ. ಗಾಂಧಿ ಜಯಂತಿಯಿಂದ ಸಿಗುವ ರಿಯಾಯಿತಿಗೆ ಸರ್ಕಾರದ ನೆರವಿರುತ್ತದೆ. ನನ್ನ ವರ್ಷದ ಧೋತರ, ಟವೆಲ್ಲುಗಳ ಖರೀದಿ ಅಕ್ಟೋಬರಿನಲ್ಲೇ.

ಇದೆಲ್ಲ ನಮಗೆ ಹೊಸದೂ ಅಲ್ಲ. ಕಾಲ ನೋಡಿ ಕೊಳ್ಳುವುದನ್ನು ನಮ್ಮ ಅವ್ವಂದಿರು ಸೇಲಿನ ಫಲಕ ನೋಡಿ ಕಲಿತವರಲ್ಲ. ಕಲಬುರ್ಗಿ ಸೀಮೆಯ ತೊಗರಿ ಸುಗ್ಗಿಗೆ ವರ್ಷದ ಬೇಳೆ, ಬ್ಯಾಡಗಿ ಪೇಟೆಗೆ ಒಣಮೆಣಸಿನಕಾಯಿ ರಾಶಿ ಬೀಳುವಾಗ ವರ್ಷದ ಖಾರ, ಶಿವರಾತ್ರಿಯ ಸುಮಾರಿಗೆ ಹಿಂಗಾರಿ ಜೋಳ, ಬೇಸಿಗೆಗೆ ಹುಣಸೆ. ಜೋಳವನ್ನು ಬಿಸಿಲಿಗೆ ಹಾಕಿ, ಬೇವಿನ ಎಲೆ ಬೆರೆಸಿ ತುಂಬುತ್ತಿದ್ದರು. ದೊಡ್ಡ ಒಕ್ಕಲುತನದವರಿಗೆ ನೆಲದೊಳಗಿನ ಹಗೇವು ಇತ್ತು. ತೇವ ತಾಗದಂತೆ, ಗಾಳಿಯಾಡದಂತೆ ಕಟ್ಟಿದ ಆ ಹಗೇವಿನ ಮುಂದೆ ನಮ್ಮ ಇಲಾಖೆಯ ಎಷ್ಟೋ ಉಗ್ರಾಣಗಳು ನಾಚಬೇಕು. ಈಗ ಜೋಳವನ್ನೂ ಎರಡು ಕಿಲೋ ಪೊಟ್ಟಣದಲ್ಲಿ ವರ್ಷವಿಡೀ ತರುತ್ತೇವೆ. ನಾಲ್ಕು ಜನರ ಮನೆಗೆ ಎರಡು ಕ್ವಿಂಟಲ್ ಬೇಕು, ಸುಗ್ಗಿಗೂ ಮಳೆಗಾಲಕ್ಕೂ ಕಿಲೋಗೆ 10 ರೂಪಾಯಿ ಅಂತರ ಎಂದಿಟ್ಟುಕೊಳ್ಳಿ, ಅಲ್ಲಿಗೇ 2,000.

ನಮ್ಮ ಊರಿನ ಅಕ್ಕನ ಬಳಗದವರ ಮುಂದೆ ಇದನ್ನು ಹೇಳಿದಾಗ, ಬರುವ ಜನವರಿಗೆ ಮೂವತ್ತು ಮನೆ ಸೇರಿ ರೈತರಿಂದಲೇ ತೊಗರಿ, ಜೋಳ ತರಿಸೋಣ, ಉಳಿದದ್ದರಲ್ಲಿ ಒಂದು ಪಾಲು ಶ್ರಾವಣದ ಪ್ರವಚನದ ದಾಸೋಹಕ್ಕೆ ಕೊಡೋಣ ಎಂದರು. ಸುಗ್ಗಿಯಲ್ಲಿ ಹಾಕಿದ್ದಕ್ಕಿಂತ ರೈತನಿಗೆ ನಾಲ್ಕು ರೂಪಾಯಿ ಹೆಚ್ಚು ಕೊಟ್ಟರೂ ನಮಗೆ ಉಳಿಯುತ್ತದೆ. ನಡುವಿನ ಅಡತಿಯ ಖರ್ಚು, ಪೊಟ್ಟಣದ ಖರ್ಚು ಇರುವುದಿಲ್ಲ. ಯಾರ ಮನೆಗೆ ಎಷ್ಟು ಸೇರು ಬೇಕೆಂದು ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಪ್ಪತ್ತೆರಡು ಮನೆಯ ಲೆಕ್ಕ ಬಂತು, ಎಂಟು ಬಾಕಿ.