ಲೆಕ್ಕ ಬಲ್ಲ ಆತ್ಮವಿಶ್ವಾಸ

‘ನಿನ್ನನ್ನು ನೀನು ನಂಬು, ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ’ ಎಂಬ ಉಪದೇಶ ಈಗ ಪ್ರತಿಭಾ ಪುರಸ್ಕಾರದ ವೇದಿಕೆಗಳಲ್ಲೆಲ್ಲ ಕೇಳಿಬರುತ್ತದೆ. ಅದರ ಮೊದಲರ್ಧ ನಿಜ. ಉಳಿದರ್ಧ ಎಳೆಯರಿಗೆ ಬಗೆಯುವ ದ್ರೋಹ. ದೊಡ್ಡ ಗುರಿಗೆ ಆತ್ಮವಿಶ್ವಾಸ ಬೇಕೇ ಬೇಕು, ಆದರೆ ಅದು ದುಡಿಮೆಯಿಂದ ಹುಟ್ಟಿದ್ದಾಗಿರಬೇಕು.

ಕಾವೇರಿಯ ಕನ್ನಂಬಾಡಿ ಕಟ್ಟೆಯ ಕಥೆಯನ್ನೇ ನೋಡಿ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದ ವಿಶ್ವೇಶ್ವರಯ್ಯನವರ ಯೋಜನೆಗೆ ಸಂಸ್ಥಾನದ ಹಣಕಾಸು ಇಲಾಖೆಯೇ ಅಡ್ಡ ನಿಂತಿತು. ಅವರು ಉತ್ತರವಾಗಿ ಲೆಕ್ಕ ಮುಂದಿಟ್ಟರು. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಬಡವಾದರೆ ಅದಕ್ಕೂ ಕುತ್ತು. ನೀರು ಕಟ್ಟಿದರೆ ವಿದ್ಯುತ್ತೂ ನಿಲ್ಲದು, ಮಂಡ್ಯದ ಒಣಭೂಮಿಯೂ ಹಸಿರಾದೀತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದರು. 1911ರಲ್ಲಿ ಕೆಲಸ ಶುರುವಾಯಿತು. ಆದರೆ ಹೊಳೆಯ ಕೆಳಭಾಗದ ಮದ್ರಾಸ್ ಸರ್ಕಾರ ಒಪ್ಪಿದ್ದು ಸುಮಾರು 11 ಟಿಎಂಸಿಯ ಕಿರಿಯ ಕಟ್ಟೆಗೆ. ಮೈಸೂರು ತೋಡಿದ್ದು 41 ಟಿಎಂಸಿ ಮೀರಿದ ಹಿರಿಯ ಕಟ್ಟೆಯ ತಳಪಾಯ! ಇದರಿಂದ ವ್ಯಾಜ್ಯ ಬೆಳೆಯಿತು. ಕೆಳಗಿನ ರೈತರ ಆತಂಕವನ್ನು ಸುಳ್ಳೆನ್ನಲಾಗದು. ಈ ನಡುವೆ ದಿವಾನರೂ ಆಗಿದ್ದ ವಿಶ್ವೇಶ್ವರಯ್ಯನವರು 1918ರಲ್ಲಿ ಆ ಹುದ್ದೆ ಬಿಟ್ಟರು. ಎರಡು ಸರ್ಕಾರಗಳ ಒಪ್ಪಂದವಾಗಿ ಹಿರಿಯ ಕಟ್ಟೆಗೆ ದಾರಿಯಾದದ್ದು 1924ರಲ್ಲಿ. ತಳಪಾಯ ಚಿಕ್ಕದಾಗಿದ್ದರೆ ಆ ಒಪ್ಪಂದದಿಂದ ಅಷ್ಟು ಪ್ರಯೋಜನವಾಗುತ್ತಿರಲಿಲ್ಲ.

ಈ ವಾದಕ್ಕೆ ತೂಕದ ಆಕ್ಷೇಪವೊಂದಿದೆ. ತಮ್ಮನ್ನು ತಾವು ನಂಬಿ ಸೋತವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಗೆದ್ದವರ ಮಾತನ್ನಷ್ಟೇ ಕೇಳಿ ನಂಬಿಕೆಯೇ ಗೆಲ್ಲಿಸಿತು ಎನ್ನುವುದು ಹೇಗೆ? ವಿಶ್ವೇಶ್ವರಯ್ಯನವರ ಬೆನ್ನಿಗೆ ಒಬ್ಬ ಮಹಾರಾಜರಿದ್ದರು. ಕೂಲಿಯವನ ಮಗಳ ಬೆನ್ನಿಗೆ ಯಾರಿದ್ದಾರೆ? ಒಪ್ಪಲೇಬೇಕಾದ ಮಾತು. ಆತ್ಮವಿಶ್ವಾಸ ಗೆಲುವಿಗೆ ಜಾಮೀನಲ್ಲ. ಆದರೆ ಅದಿಲ್ಲದವರು ಇತರರು ಕೊಟ್ಟ ಅನುಮತಿಯ ಅಳತೆಗೇ ತಮ್ಮ ಬದುಕನ್ನು ಕಟ್ಟಿಕೊಳ್ಳುತ್ತಾರೆ. ಮುಂದೆ ಅವಕಾಶ ಬಂದರೂ ಎತ್ತರಿಸಲು ಬುಡದಲ್ಲಿ ಬಲವಿರುವುದಿಲ್ಲ. ಬೆಂಬಲವಿಲ್ಲದ ಮನೆಯ ಮಕ್ಕಳಿಗೆ ಈ ನಷ್ಟ ಎಲ್ಲರಿಗಿಂತ ಹೆಚ್ಚು.

ಮಗುವಿನ ಆಸೆ ಕೈಮೀರಿದ್ದೆಂದು ಕಂಡಾಗ ತಂದೆತಾಯಿ, ಮೇಷ್ಟ್ರುಗಳು ಅದನ್ನು ಕತ್ತರಿಸಲು ಹೋಗಬೇಡಿ, ಬರಿಯ ಚಪ್ಪಾಳೆಯನ್ನೂ ತಟ್ಟಬೇಡಿ. ಏನೇನು ಕಲಿಯಬೇಕು, ಎಷ್ಟು ವರ್ಷ ಹಿಡಿಯುತ್ತದೆ, ಖರ್ಚಿಗೆ ದಾರಿ ಯಾವುದು ಎಂದು ಜೊತೆಗೆ ಕೂತು ಲೆಕ್ಕ ಹಾಕಿ.