ಮಕ್ಕಳ ಮೇಲೆ ಲಾಕೌಟು

ಗಿರಣಿಯ ಬಾಗಿಲಿಗೆ ಮಾಲೀಕರು ಬೀಗ ಹಾಕುವುದನ್ನು ನಮ್ಮ ಕಾರ್ಮಿಕ ಬಂಧುಗಳು ಬಲ್ಲರು. ಅಮೆರಿಕದ ವರ್ಜೀನಿಯಾ ಸಂಸ್ಥಾನದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ದೊಡ್ಡ ಮನುಷ್ಯರು ಶಾಲೆಗಳಿಗೇ ಬೀಗ ಹಾಕಿದರು.

ಅಲ್ಲಿ ಕರಿಯರ ಪ್ರೌಢಶಾಲೆಯಲ್ಲಿ ಜಾಗ ಸಾಲದೆ ಟಾರು ಕಾಗದ ಹೊದಿಸಿದ ಜೋಪಡಿಗಳಲ್ಲಿ ಪಾಠ ನಡೆಯುತ್ತಿತ್ತು. 1951ರಲ್ಲಿ ಹದಿನಾರು ವರ್ಷದ ಬಾರ್ಬರಾ ಜಾನ್ಸ್ ಎಂಬ ಹುಡುಗಿಯ ಮುಂದಾಳುತನದಲ್ಲಿ ಮಕ್ಕಳೇ ಮುಷ್ಕರ ಹೂಡಿದರು. ಆ ವ್ಯಾಜ್ಯ ಇತರ ವ್ಯಾಜ್ಯಗಳೊಡನೆ ಸುಪ್ರೀಂ ಕೋರ್ಟಿಗೆ ಹೋಯಿತು. ಬಣ್ಣ ನೋಡಿ ಶಾಲೆ ಬೇರ್ಪಡಿಸುವುದು ರಾಜ್ಯಾಂಗಕ್ಕೆ ವಿರುದ್ಧವೆಂದು 1954ರ ಮೇ 17ರಂದು ತೀರ್ಪಾಯಿತು.

ಉಳ್ಳವರು ಅದಕ್ಕೆ ತಲೆಬಾಗಿದರೇ? ಇಲ್ಲ. 1956ರಲ್ಲಿ ಸೆನೆಟರ್ ಹ್ಯಾರಿ ಬರ್ಡ್ 'ಭಾರಿ ಪ್ರತಿರೋಧ'ಕ್ಕೆ ಕರೆಕೊಟ್ಟರು. ದಕ್ಷಿಣದ 101 ಮಂದಿ ಕಾಂಗ್ರೆಸ್ ಸಭಾಸದರು ತೀರ್ಪನ್ನು ಖಂಡಿಸಿ ಸಹಿ ಹಾಕಿದರು. 1959ರಲ್ಲಿ ಪ್ರಿನ್ಸ್ ಎಡ್ವರ್ಡಿನ ಆಡಳಿತ ಮಂಡಳಿಯು ಹಣ ಮಂಜೂರು ಮಾಡಲು ಒಪ್ಪದೆ ಸರಕಾರಿ ಶಾಲೆಗಳನ್ನೆಲ್ಲ ಮುಚ್ಚಿತು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಮರುವರ್ಷ ಅವರ ಫೀಜಿಗೆ ಸಾರ್ವಜನಿಕ ಬೊಕ್ಕಸದಿಂದ ಸಹಾಯವೂ ದೊರೆಯಿತು. ಸುಮಾರು 1,700 ಕರಿಯ ಮಕ್ಕಳು ಬೀದಿಪಾಲಾದರು. ಕರಿಯನೂ ತೆರಿಗೆ ತೆತ್ತವನೇ. ಅವನ ಮಗುವಿಗೆ ಮಾತ್ರ ಪಾಟಿಯಿಲ್ಲ! ಬಡ ಬಿಳಿಯರ ಕೆಲವು ಮಕ್ಕಳೂ ಶಾಲೆ ಕಳೆದುಕೊಂಡರೆಂಬುದನ್ನು ಮರೆಯಬಾರದು.

'ಇದು ಊರವರ ಇಚ್ಛೆ' ಎಂದು ಆ ಮಹಾಶಯರು ವಾದಿಸಿದರು. ಯಾವ ಊರವರು? ವರ್ಜೀನಿಯಾದಲ್ಲಿ ಆಗ ಮತ ಹಾಕಲು ತಲೆಗಂದಾಯ ಕಟ್ಟಬೇಕಿತ್ತು. ಸಂಸ್ಥಾನದ ಚುನಾವಣೆಗಳಲ್ಲಿ ಅದು ರದ್ದಾದುದು 1966ರಲ್ಲಿ. ಬಡವನನ್ನು ಮತಗಟ್ಟೆಯ ಹೊರಗೆ ನಿಲ್ಲಿಸಿ, ಒಳಗಿದ್ದವರ ಮಾತನ್ನು ಜನಮತವೆನ್ನುವುದು ಶುದ್ಧ ಮೋಸ.

'ಕಾನೂನಿನಿಂದ ಮನಸ್ಸು ಬದಲಾಗದು' ಎನ್ನುವವರೂ ಉಂಟು. ಇರಬಹುದು. ಆದರೆ ಶಾಲೆಯ ಬೀಗ ತೆಗೆಸಲು ಮನಃಪರಿವರ್ತನೆಗಾಗಿ ಕಾಯಬೇಕಾಗಿರಲಿಲ್ಲ. 1964ರ ಮೇ 25ರಂದು ಕೋರ್ಟು ಖಡಾಖಂಡಿತವಾಗಿ ಹೇಳಿತು; ಆ ವರ್ಷವೇ ಸರಕಾರಿ ಶಾಲೆಗಳು ತೆರೆದವು. ಕಳೆದ ವರ್ಷಗಳು ಮಾತ್ರ ಮರಳಲಿಲ್ಲ. ಅಕ್ಷರ ಕಲಿಸಿ ಬಂದ ನಮಗೆ ಗೊತ್ತು, ಏಳನೆಯ ವಯಸ್ಸಿನಲ್ಲಿ ತಪ್ಪಿದ ಕಾಗುಣಿತ ಮುಂದೆ ಎಷ್ಟು ದುಬಾರಿಯೆಂದು. 2004ರಲ್ಲಿ ವರ್ಜೀನಿಯಾ ಸರಕಾರ ಅವರಿಗೆ ವಿದ್ಯಾರ್ಥಿವೇತನ ಘೋಷಿಸಿದಾಗ ಆ 'ವಿದ್ಯಾರ್ಥಿ'ಗಳ ತಲೆ ನರೆತಿತ್ತು.

ಅದೇ 1964ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ನಗರದ ಉಪಾಹಾರಗೃಹವೊಂದು ಡಾ. ರಾಮಮನೋಹರ ಲೋಹಿಯಾ ಅವರನ್ನೂ ಮೈಬಣ್ಣ ನೋಡಿ ಹೊರಗಿಟ್ಟಿತು; ಹಿಂದೆ ಸರಿಯದ ಅವರನ್ನು ಪೊಲೀಸರು ಹಿಡಿದರು. ಕಾಗೋಡಿನ ಗೇಣಿದಾರರಿಗಾಗಿ 1951ರಲ್ಲಿ ಸೆರೆಯಾದ ಮನುಷ್ಯನಿಗೆ ಆ ಬಾಗಿಲು ಪರದೇಶದ್ದೆನಿಸಲಿಲ್ಲ. ನಮ್ಮ ಕೇರಿಯ ಮಕ್ಕಳನ್ನು ಬೇರೆ ಕೂರಿಸುವ ಪಂಕ್ತಿ ಎಲ್ಲಿ ಕಂಡರೂ ಅದು ನಮಗೂ ಪರರ ಸಂಗತಿ ಆಗಕೂಡದು.